ಗಡುವು ಮುಗಿದರೂ ಗುತ್ತಿಗೆ ಕಾರ್ಮಿಕರ ಕೈ ಸೇರದ ನೇಮಕಾತಿ ಪತ್ರ

ಸಂಪಾದಕರಿಗೆ,

ಮಾನ್ಯರೇ,

ಹಳೆಯ 29 ಕೇಂದ್ರ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅಂದಿನಿಂದ ಪತ್ರಿಕೆಗಳಲ್ಲಿ, ಕಾರ್ಮಿಕ ಸಂಘಗಳ ಸಭೆಗಳಲ್ಲಿ, ಉದ್ಯಮಿಗಳ ಹೇಳಿಕೆಗಳಲ್ಲಿ ನಡೆಯುತ್ತಿರುವ ಚರ್ಚೆ ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ಸುತ್ತುತ್ತಿದೆ. 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೆಲಸದಿಂದ ತೆಗೆಯಬಹುದೆಂಬುದು ಒಂದು. ಯಾವ ಉದ್ದಿಮೆಯಲ್ಲೇ ಆದರೂ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕೊಡಬೇಕೆಂಬುದು ಇನ್ನೊಂದು. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಲೆಕ್ಕ ಹಾಕಬೇಕೆಂಬುದು ಮತ್ತೊಂದು. ಇವು ಮುಖ್ಯವಾದ ವಿಷಯಗಳೇ. ಆದರೆ ಬಳ್ಳಾರಿಯಲ್ಲಿ ಕುಳಿತು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಕಾರ್ಮಿಕರ ಪ್ರಕರಣಗಳನ್ನು ಬಹಳ ಕಾಲದಿಂದ ನಡೆಸುತ್ತಿರುವ ವಕೀಲನಾಗಿ, ಈ ಭಾಗದ ಬಹುಪಾಲು ದುಡಿಯುವ ಜನರಿಗೆ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಹಾಳೆಯ ನೇಮಕಾತಿ ಪತ್ರ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಬಯಸುತ್ತೇನೆ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 6ನೇ ಸೆಕ್ಷನ್ ಪ್ರಕಾರ ಪ್ರತಿಯೊಬ್ಬ ಉದ್ಯೋಗಿಗೂ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ಸಂಹಿತೆ ಜಾರಿಗೆ ಬರುವ ಹೊತ್ತಿಗೆ ಪತ್ರವಿಲ್ಲದೆ ದುಡಿಯುತ್ತಿದ್ದವರಿಗೆ, ಜಾರಿಗೆ ಬಂದ ಮೂರು ತಿಂಗಳೊಳಗೆ ಅದನ್ನು ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಆ ಮೂರು ತಿಂಗಳು 2026ರ ಫೆಬ್ರುವರಿಗೆ ಮುಗಿದವು. ಉಕ್ಕಿನ ಕಾರ್ಖಾನೆ, ಮೆದುಕಬ್ಬಿಣದ ಘಟಕ, ಅಕ್ಕಿ ಗಿರಣಿ, ಜೀನ್ಸ್ ಹೊಲಿಗೆ ಘಟಕ ಹೀಗೆ ಬೇರೆ ಬೇರೆ ಕಡೆಗಳಿಂದ ಆ ನಂತರ ನನ್ನ ಕಚೇರಿಗೆ ಬಂದ ಗುತ್ತಿಗೆ ಕಾರ್ಮಿಕರಲ್ಲಿ ಒಬ್ಬರ ಕೈಯಲ್ಲೂ ಆ ಪತ್ರವನ್ನು ನಾನು ಕಂಡಿಲ್ಲ. ಪತ್ರ ಕೊಡಬೇಕೆಂಬ ಕಾನೂನು ಇದೆ ಎಂಬುದೇ ಅವರಲ್ಲಿ ಬಹುತೇಕರಿಗೆ ತಿಳಿದಿರಲಿಲ್ಲ.

ಪತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣವನ್ನು ಹೆಸರುಗಳಿಲ್ಲದೆ ಹೇಳುತ್ತೇನೆ. ದೊಡ್ಡ ಕಾರ್ಖಾನೆಯೊಂದರಲ್ಲಿ ಅದಿರು ಇಳಿಸುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದ ಸಂಡೂರು ಸೀಮೆಯ ಕಾರ್ಮಿಕರೊಬ್ಬರನ್ನು, ಒಂದು ದಿನ ಬೆಳಗಿನ ಪಾಳಿಗೆ ಹೋದಾಗ, ‘ನಿನ್ನ ಪಾಸ್ ಬಂದ್ ಆಗಿದೆ’ ಎಂದು ಹೇಳಿ ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದರು. ಅವರು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಗೇಟ್ ಪಾಸುಗಳ ಮೇಲೆಲ್ಲ ಕಾರ್ಖಾನೆಯ ಮುದ್ರೆ ಒಂದೇ, ಗುತ್ತಿಗೆದಾರರ ಹೆಸರು ಮಾತ್ರ ಪಾಸಿನಿಂದ ಪಾಸಿಗೆ ಬೇರೆ. ಪಿಎಫ್ ಪಾಸ್‌ಬುಕ್ ತೆಗೆಸಿದಾಗ ಕಾರ್ಮಿಕನಿಗೆ ಪಿಎಫ್‌ನಲ್ಲಿ ಕೊಡುವ ಯುಎಎನ್ ಸಂಖ್ಯೆ ಒಂದೇ ಇದ್ದರೂ ಅದರಡಿಯಲ್ಲಿ ನಾಲ್ಕು ಸದಸ್ಯ ಖಾತೆಗಳಿದ್ದವು. ಒಬ್ಬ ಗುತ್ತಿಗೆದಾರ ಹೋಗಿ ಇನ್ನೊಬ್ಬ ಬಂದಾಗಲೆಲ್ಲ ‘ಕೆಲಸ ಬಿಟ್ಟ ದಿನಾಂಕ’ ನಮೂದಾಗಿ, ಎರಡು ಮೂರು ವಾರ ಖಾಲಿ ಬಿದ್ದು, ಮತ್ತೆ ಹೊಸದಾಗಿ ಸೇರಿದಂತೆ ಬರೆಯಲಾಗಿತ್ತು. ಆ ಖಾಲಿ ವಾರಗಳಲ್ಲೂ ಅವರು ದಿನಾ ಕೆಲಸಕ್ಕೆ ಹೋಗಿದ್ದರು. ಬೆರಳೊತ್ತಿ ಹಾಜರಿ ಕೊಟ್ಟ ಯಂತ್ರ ಕಾರ್ಖಾನೆಯದು, ಪಾಳಿ ಹಂಚಿದ ಮೇಲ್ವಿಚಾರಕ ಕಾರ್ಖಾನೆಯವನು, ಸಂಬಳ ಜಮಾ ಆಗುತ್ತಿದ್ದುದು ಮಾತ್ರ ಗುತ್ತಿಗೆದಾರನ ಖಾತೆಯಿಂದ.

ಇಂಥ ಪ್ರಕರಣ ನ್ಯಾಯಾಲಯದ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆ ‘ಇವರ ಮಾಲೀಕ ಯಾರು’ ಎಂಬುದು. ತೆಗೆದುಹಾಕಿದ್ದು ಸರಿಯೋ ತಪ್ಪೋ ಎಂಬುದು ಅದು ಇತ್ಯರ್ಥವಾದ ಮೇಲಿನ ಮಾತು. ನಮ್ಮವರಲ್ಲ ಎಂದು ಕಾರ್ಖಾನೆ ಹೇಳುತ್ತದೆ. ಕೊನೆಯ ಗುತ್ತಿಗೆದಾರ, ನನ್ನ ಬಳಿ ಏಳು ತಿಂಗಳಷ್ಟೇ ಇದ್ದರು ಎನ್ನುತ್ತಾನೆ. ಹಳೆಯ ಗುತ್ತಿಗೆದಾರರಿಗೆ ಕಳಿಸಿದ ನೋಟಿಸುಗಳು ‘ವಿಳಾಸದಲ್ಲಿ ಇಲ್ಲ’ ಎಂಬ ಅಂಚೆಯ ಷರಾದೊಂದಿಗೆ ಮರಳಿ ಬರುತ್ತವೆ. ಗುತ್ತಿಗೆಯೆಂಬುದು ಬರೀ ತೋರಿಕೆ, ನಿಜವಾದ ಮಾಲೀಕ ಕಾರ್ಖಾನೆಯೇ ಎಂದು ಸಾಬೀತುಪಡಿಸಲು ಸುಪ್ರೀಂ ಕೋರ್ಟ್ ಬಳಸುವ ಒರೆಗಲ್ಲುಗಳಲ್ಲಿ ಎರಡು ಮುಖ್ಯವಾದವು: ಸಂಬಳ ಕೊಡುವವರು ಯಾರು, ಕೆಲಸದ ಮೇಲೆ ಹಿಡಿತ ಮತ್ತು ಮೇಲ್ವಿಚಾರಣೆ ಯಾರದು. ಮೊದಲನೆಯದು ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ಕಾರ್ಮಿಕನ ವಿರುದ್ಧ ನಿಲ್ಲುತ್ತದೆ, ಎರಡನೆಯದಕ್ಕೆ ಸಾಕ್ಷಿ ಹೇಳಬೇಕಾದವರು ಇನ್ನೂ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿರುವ ಜೊತೆಗಾರರು. ಅವರು ಬಂದು ಸಾಕ್ಷಿ ಹೇಳಿದರೆ ಅವರ ಪಾಸೂ ಬಂದ್ ಆಗುತ್ತದೆಂಬ ಭಯ ಇರುತ್ತದೆ, ಆ ಭಯವನ್ನು ತಪ್ಪೆನ್ನಲು ನನ್ನಿಂದಾಗದು.

ಸಾಬೀತು ಮಾಡುವ ಹೊಣೆ ಯಾರದೆಂಬ ವಿಷಯದಲ್ಲಿ ದಾರಿ ತೋರಿದ ಎರಡು ತೀರ್ಪುಗಳೂ ನಮ್ಮ ರಾಜ್ಯದಿಂದ ಹೋದ ಪ್ರಕರಣಗಳಲ್ಲೇ ಬಂದವು. ಕೆಲಸದಿಂದ ತೆಗೆದಾಗ ಕಾನೂನಿನ ರಕ್ಷಣೆ ಕೇಳಲು, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದನ್ನು ಕಾರ್ಮಿಕನೇ ಸಾಬೀತುಪಡಿಸಬೇಕು, ಅವನ ಅಫಿಡವಿಟ್ ಒಂದೇ ಸಾಲದು ಎಂದು ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿಯ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. 2005ರ ನವೆಂಬರ್‌ನಲ್ಲಿ, ಸಹಾಯಕ ಕಾರ್ಯಪಾಲಕ ಎಂಜಿನಿಯರ್ ವಿರುದ್ಧ ದಿನಗೂಲಿ ನೌಕರರೊಬ್ಬರು ಹೂಡಿದ್ದ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಇನ್ನೂ ಸೂಕ್ಷ್ಮವಾಗಿ ನೋಡಿತು. ದಿನಗೂಲಿಯವನ ಕೈಯಲ್ಲಿ ನೇಮಕಾತಿ ಪತ್ರವಾಗಲೀ ರಸೀದಿಯಾಗಲೀ ಇರುವುದಿಲ್ಲ. ಆದ್ದರಿಂದ ಅವನು ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಹಾಜರಿ ಪಟ್ಟಿ ಮತ್ತು ವೇತನ ಪುಸ್ತಕವನ್ನು ಹಾಜರುಪಡಿಸುವಂತೆ ಮಾಲೀಕನನ್ನು ಕೇಳಬಹುದು ಎಂದಿತು. ಸರ್ಕಾರಿ ಇಲಾಖೆಯ ದಿನಗೂಲಿಗೆ ಈ ದಾರಿ ಉಪಯೋಗಕ್ಕೆ ಬಂತು, ಏಕೆಂದರೆ ಇಲಾಖೆ ಎಲ್ಲಿಗೂ ಓಡಿಹೋಗುವುದಿಲ್ಲ. ಗುತ್ತಿಗೆ ಕಾರ್ಮಿಕ ಅದೇ ರೀತಿ ಹಾಜರಿ ಪುಸ್ತಕ ಕೇಳಿದರೆ, ಅದು ಗುತ್ತಿಗೆದಾರನ ಬಳಿ ಇದೆ ಎಂದು ಕಾರ್ಖಾನೆ ಉತ್ತರಿಸುತ್ತದೆ, ಗುತ್ತಿಗೆದಾರ ಸಿಗುವುದೇ ಇಲ್ಲ.

ಹೊಸ ವೇತನ ಸಂಹಿತೆಯಲ್ಲಿ ಒಳ್ಳೆಯ ಅಂಶಗಳಿವೆ ಎಂಬುದನ್ನು ಒಪ್ಪಲೇಬೇಕು. ಬಾಕಿ ವೇತನದ ಅರ್ಜಿ ಹಾಕಲು ಈಗ ಮೂರು ವರ್ಷ ಕಾಲಾವಕಾಶವಿದೆ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಅದು ಆರು ತಿಂಗಳಾಗಿತ್ತು. ವೇತನ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆಯನ್ನು 59ನೇ ಸೆಕ್ಷನ್ ಮಾಲೀಕನ ಮೇಲೆ ಹೊರಿಸಿದೆ. ಕೆಲಸದಿಂದ ತೆಗೆದರೂ, ತಾವಾಗಿ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಆದರೆ ಇವೆಲ್ಲವೂ ‘ಈತ ನನ್ನ ಕಾರ್ಮಿಕ’ ಎಂದು ಯಾರೋ ಒಬ್ಬರು ಒಪ್ಪಿಕೊಂಡ ಮೇಲೆ ಕೈಗೆ ಬರುವ ಹಕ್ಕುಗಳು.

ಗ್ರಾಚ್ಯುಟಿಯ ವಿಷಯದಲ್ಲಿ ಪತ್ರದ ಕೊರತೆ ಇನ್ನಷ್ಟು ದುಬಾರಿಯಾಗುತ್ತದೆ. 1972ರ ಕಾಯ್ದೆಯಡಿ ಐದು ವರ್ಷ ಸತತ ಸೇವೆ ಬೇಕಿತ್ತು. ಎರಡೆರಡು ವರ್ಷಕ್ಕೆ ಗುತ್ತಿಗೆದಾರ ಬದಲಾಗುವ ಕಡೆ ಆ ಐದು ವರ್ಷ ತುಂಬುವುದೇ ಇಲ್ಲ. ಸಾಮಾಜಿಕ ಭದ್ರತಾ ಸಂಹಿತೆ ಇದನ್ನು ಸಡಿಲಿಸಿ, ನಿಗದಿತ ಅವಧಿಯ ಉದ್ಯೋಗಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಸಿಗುವಂತೆ ಮಾಡಿದೆ, ಕಾಯಂ ನೌಕರನಿಗೆ ಸಿಗುವಷ್ಟೇ ವೇತನ ಸಿಗಬೇಕೆಂದೂ ಹೇಳಿದೆ. ಸರ್ಕಾರದ ಜಾಹೀರಾತುಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬಂದದ್ದು ಇದೇ. ಆದರೆ ಸಂಹಿತೆಯ ವ್ಯಾಖ್ಯೆಯಲ್ಲಿ ನಿಗದಿತ ಅವಧಿಯ ಉದ್ಯೋಗವೆಂದರೆ ‘ಲಿಖಿತ ಕರಾರಿನ’ ಮೇಲೆ ಕೊಟ್ಟ ಉದ್ಯೋಗ. ಬಾಯಿಮಾತಿನ ಮೇಲೆ, ಗೇಟ್ ಪಾಸಿನ ಮೇಲೆ ಹನ್ನೆರಡು ತಿಂಗಳು ದುಡಿದವನು ಆ ವ್ಯಾಖ್ಯೆಯೊಳಗೆ ಬರುವುದು ಹೇಗೆ? ಲಿಖಿತವಾಗಿ ಕೊಡದ ಮಾಲೀಕನಿಗೆ ಅದರಿಂದ ಲಾಭವೇ ಆಗುತ್ತದೆ.

ಇನ್ನು ಗುತ್ತಿಗೆ ಪದ್ಧತಿಯನ್ನೇ ತಡೆಯುವ ಸೆಕ್ಷನ್ ಬಗ್ಗೆ ಒಂದು ಮಾತು. ಉದ್ದಿಮೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದೆಂದು ಔದ್ಯೋಗಿಕ ಸುರಕ್ಷತಾ ಸಂಹಿತೆಯ 57ನೇ ಸೆಕ್ಷನ್ ಹೇಳುತ್ತದೆ. ಇದನ್ನು ಓದಿ ಸಂತೋಷಪಟ್ಟು ನನ್ನ ಬಳಿ ಬಂದವರಿಗೆ ಅದರ ಜೊತೆಗಿರುವ ವ್ಯಾಖ್ಯೆಯನ್ನೂ ಓದಿ ಹೇಳಬೇಕಾಯಿತು. ಉದ್ದಿಮೆಯನ್ನು ಆ ಕೆಲಸಕ್ಕೆಂದೇ ಸ್ಥಾಪಿಸಿಲ್ಲದಿದ್ದರೆ ಸ್ವಚ್ಛತೆ, ಕಾವಲು, ಕ್ಯಾಂಟೀನ್, ಸರಕು ಏರಿಸುವುದು ಮತ್ತು ಇಳಿಸುವುದು, ನಿರ್ಮಾಣ ಮತ್ತು ನಿರ್ವಹಣೆ, ತೋಟಗಾರಿಕೆ, ಸಾರಿಗೆ ಇವೆಲ್ಲ ಮುಖ್ಯ ಚಟುವಟಿಕೆಯ ಹೊರಗೆ ಉಳಿಯುತ್ತವೆ. ಅದಿರು, ಕಲ್ಲಿದ್ದಲು, ಉಕ್ಕಿನ ಸುರುಳಿ, ಭತ್ತದ ಮೂಟೆ ಏರಿಸಿ ಇಳಿಸುವುದರ ಮೇಲೆಯೇ ನಿಂತಿರುವ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಪಟ್ಟಿಯ ಹೊರಗೆ ಉಳಿಯುವ ಗುತ್ತಿಗೆ ಕೆಲಸ ಎಷ್ಟಿದ್ದೀತು ಎಂದು ತೋರಣಗಲ್ಲು, ಗಿಣಿಗೇರಾ, ಶಕ್ತಿನಗರಗಳನ್ನು ಬಲ್ಲವರು ತಾವೇ ಊಹಿಸಬಹುದು. ಇದರ ಮೇಲೆ, ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗುವುದು 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ಹಳೆಯ ಕೇಂದ್ರ ಕಾಯ್ದೆಯಲ್ಲಿ ಆ ಸಂಖ್ಯೆ 20 ಇತ್ತು. ಒಂದೇ ಕೆಲಸವನ್ನು ಹಲವು ಸಣ್ಣ ಗುತ್ತಿಗೆಗಳಾಗಿ ಒಡೆದು ಹಂಚುವುದು ಈಗಾಗಲೇ ರೂಢಿಯಲ್ಲಿದೆ.

ಸುಪ್ರೀಂ ಕೋರ್ಟಿನ ಒಲವು ಇತ್ತೀಚೆಗೆ ದುಡಿಯುವವರ ಕಡೆಗೆ ಸ್ವಲ್ಪ ತಿರುಗಿದೆ. 2006ರ ಉಮಾದೇವಿ ತೀರ್ಪು, ಅದೂ ಕರ್ನಾಟಕ ಸರ್ಕಾರದ ದಿನಗೂಲಿ ನೌಕರರ ಪ್ರಕರಣವೇ, ತಾತ್ಕಾಲಿಕ ನೌಕರರ ಕಾಯಮಾತಿಗೆ ಬಾಗಿಲು ಹಾಕಿತೆಂದು ಹಲವು ವರ್ಷ ಎಲ್ಲ ಇಲಾಖೆಗಳೂ ಹೇಳಿಕೊಂಡು ಬಂದವು. ಕೇಂದ್ರ ಜಲ ಆಯೋಗದ ಸ್ವಚ್ಛತಾ ಕಾರ್ಮಿಕರ ಜಗ್ಗೋ ಪ್ರಕರಣದಲ್ಲಿ 2024ರ ಡಿಸೆಂಬರ್ 20ರಂದು, ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಹೇಳಿ, ಅವರನ್ನು ಮರಳಿ ಸೇರಿಸಿಕೊಂಡು ಕಾಯಂ ಮಾಡಲು ನ್ಯಾಯಾಲಯ ಆದೇಶಿಸಿತು. ಆದರೆ ಆ ಕಾರ್ಮಿಕರು ಎಷ್ಟು ವರ್ಷದಿಂದ ದುಡಿಯುತ್ತಿದ್ದರೆಂಬುದಕ್ಕೆ ಆಯೋಗದಲ್ಲೇ ದಾಖಲೆ ಇತ್ತು. ಖಾಸಗಿ ಗುತ್ತಿಗೆಯಲ್ಲಿರುವವರಿಗೆ ಈ ತೀರ್ಪಿನ ನೆರಳು ತಾನಾಗಿ ಸಿಗುವುದಿಲ್ಲ. 2001ರ ಸ್ಟೀಲ್ ಅಥಾರಿಟಿ ಪ್ರಕರಣದ ಸಂವಿಧಾನ ಪೀಠದ ತೀರ್ಪಿನ ಪ್ರಕಾರ, ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕಾರ್ಮಿಕರು ಮೂಲ ಮಾಲೀಕನ, ಅಂದರೆ ಗುತ್ತಿಗೆ ಕೊಟ್ಟ ಉದ್ದಿಮೆಯ, ನೌಕರರಾಗುವುದಿಲ್ಲ, ಗುತ್ತಿಗೆ ಬರೀ ತೋರಿಕೆಯದೆಂದು ಅವರು ಸಾಬೀತುಪಡಿಸಬೇಕು. ಮತ್ತೆ ದಾಖಲೆಯ ಪ್ರಶ್ನೆಗೇ ಬಂದೆವು.

ದಾಖಲೆ ಇಲ್ಲದವರ ಗತಿ ಏನೆಂಬುದನ್ನು ಬಳ್ಳಾರಿ ಜಿಲ್ಲೆ ಒಮ್ಮೆ ಕಂಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಸುತ್ತಿನ ಸಾವಿರಾರು ಜನ ಕೆಲಸ ಕಳೆದುಕೊಂಡರು. ಆ ಆದೇಶ ಅಗತ್ಯವಾಗಿತ್ತು. ಗಣಿ ಅಕ್ರಮ ಈ ನೆಲಕ್ಕೆ ಮಾಡಿದ ಹಾನಿಯನ್ನು ನೋಡಿದವರು ಅದನ್ನು ಪ್ರಶ್ನಿಸಲಾರರು. ಆದರೆ ಕಾಯಂ ನೌಕರರಾಗಿದ್ದವರು ಕಾನೂನಿನಂತೆ ಪರಿಹಾರ ಕೇಳಬಹುದಾಗಿದ್ದಾಗ, ಗಣಿಯಲ್ಲಿ ಗುತ್ತಿಗೆಯ ಮೇಲೆ ಅದಿರು ಆರಿಸಿದ ಹೆಣ್ಣುಮಕ್ಕಳಿಗೆ, ಲಾರಿ ಕ್ಲೀನರುಗಳಿಗೆ, ತೂಕದ ಸೇತುವೆಯಲ್ಲಿ ಚೀಟಿ ಬರೆದವರಿಗೆ ಅರ್ಜಿಯಲ್ಲಿ ಬರೆಯಲು ಒಬ್ಬ ಮಾಲೀಕನ ಹೆಸರೂ ಸಿಗಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಡಿ ದೊರೆತ ಉದ್ಯೋಗ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಸೀಮಿತ. ಆದರೆ ಈ ಭಾಗದ ಯುವಕರಲ್ಲಿ ಹೆಚ್ಚಿನವರು ಸೇರುವುದು ಖಾಸಗಿ ಗುತ್ತಿಗೆ ಕೆಲಸಕ್ಕೆ ಎಂಬುದನ್ನು ನಮ್ಮ ಜನಪ್ರತಿನಿಧಿಗಳು ಇನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉದ್ಯಮಿಗಳ ಮತ್ತು ಗುತ್ತಿಗೆದಾರರ ವಾದವನ್ನೂ ಕೇಳಿದ್ದೇನೆ. ಪತ್ರದ ನಮೂನೆ ಯಾವುದೆಂಬ ಗೊಂದಲವಿದೆ, ಕಾರ್ಮಿಕರು ಹೇಳದೆ ಕೇಳದೆ ಊರಿಗೆ ಹೋಗಿಬಿಡುತ್ತಾರೆ, ಸುಗ್ಗಿಯ ಹೊತ್ತಿಗೆ ಅರ್ಧ ಜನ ಇರುವುದಿಲ್ಲ, ಬಿಹಾರ, ಒಡಿಶಾಗಳಿಂದ ಬಂದವರ ವಿಳಾಸವೇ ಸರಿಯಿರುವುದಿಲ್ಲ ಎಂದು ಅವರು ಹೇಳುತ್ತಾರೆ. ಬಳ್ಳಾರಿಯ ಜೀನ್ಸ್ ಹೊಲಿಗೆಯವರ ಕಷ್ಟ ಇನ್ನೂ ಬೇರೆ. ಹತ್ತು ಹನ್ನೆರಡು ಯಂತ್ರ ಇಟ್ಟುಕೊಂಡ ಮಾಲೀಕ ತಾನೂ ಕತ್ತರಿ ಹಿಡಿದು ನಿಂತಿರುತ್ತಾನೆ, ಅವನಿಗೆ ಲೆಕ್ಕಪತ್ರಕ್ಕೆ ಗುಮಾಸ್ತನಿಲ್ಲ. ಅಂಥವರಿಗೆ ಸುಲಭದ ನಮೂನೆ, ಸ್ವಲ್ಪ ಕಾಲಾವಕಾಶ ಕೊಡುವುದು ನ್ಯಾಯವೇ. ಆದರೆ ಗೇಟ್ ಪಾಸ್ ಮಾಡಿಸಲು ಆಧಾರ್, ಪೊಲೀಸ್ ಪರಿಶೀಲನೆ, ವೈದ್ಯಕೀಯ ತಪಾಸಣೆ, ಸುರಕ್ಷತಾ ತರಬೇತಿ ಎಲ್ಲವನ್ನೂ ಕಡ್ಡಾಯ ಮಾಡಿ ಎರಡೇ ದಿನದಲ್ಲಿ ಪಾಸ್ ಕೊಡಬಲ್ಲ ದೊಡ್ಡ ಕಾರ್ಖಾನೆಗೆ, ಅದೇ ವಿವರಗಳಿಂದ ನೇಮಕಾತಿ ಪತ್ರವೊಂದನ್ನು ಮುದ್ರಿಸಿ ಕೊಡಿಸುವುದು ಕಷ್ಟವೆಂದರೆ ನಂಬುವುದು ಸಾಧ್ಯವಿಲ್ಲ.

ರಾಜ್ಯ ಸರ್ಕಾರದ ಕಾರ್ಮಿಕ ಇಲಾಖೆಗೆ ನನ್ನ ಮನವಿ ಇದು. ಗುತ್ತಿಗೆ ಕಾರ್ಮಿಕನ ನೇಮಕಾತಿ ಪತ್ರ ಕನ್ನಡದಲ್ಲಿರಬೇಕು, ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ ಪ್ರತಿ ಸಿಗಬೇಕು. ಅದರಲ್ಲಿ ಗುತ್ತಿಗೆದಾರನ ಹೆಸರಿನ ಜೊತೆಗೆ ಮೂಲ ಮಾಲೀಕನ ಹೆಸರು, ಕೆಲಸದ ವಿಭಾಗ, ಆ ಕಾರ್ಖಾನೆಯ ಒಳಗೆ ಆತ ಮೊಟ್ಟಮೊದಲು ಕೆಲಸಕ್ಕೆ ಬಂದ ದಿನಾಂಕ ಇವು ಕಡ್ಡಾಯವಾಗಿ ಇರಬೇಕು. ಗುತ್ತಿಗೆದಾರ ಬದಲಾದಾಗ ಹೊಸಬನು ಕೊಡುವ ಪತ್ರದಲ್ಲಿ ಹಿಂದಿನ ಅವಧಿಯೂ ನಮೂದಾಗಬೇಕು. ಪತ್ರದ ಒಂದು ಪ್ರತಿ ಮೂಲ ಮಾಲೀಕನ ಬಳಿ ಇರಬೇಕು ಮತ್ತು ಅದಿಲ್ಲದೆ ಗೇಟ್ ಪಾಸ್ ಕೊಡುವಂತಿಲ್ಲವೆಂದು ನಿಯಮದಲ್ಲೇ ಬರೆಯಬೇಕು. ಕೇಳಿದ ಕಾರ್ಮಿಕನಿಗೆ ಗುತ್ತಿಗೆದಾರ ಅನುಭವ ಪ್ರಮಾಣಪತ್ರ ಕೊಡಬೇಕೆಂದು ಔದ್ಯೋಗಿಕ ಸುರಕ್ಷತಾ ಸಂಹಿತೆಯ 56ನೇ ಸೆಕ್ಷನ್ ಹೇಳುತ್ತದೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಈ ಹಕ್ಕನ್ನು ಪ್ರತಿ ಕಾರ್ಖಾನೆಯ ಗೇಟಿನ ಫಲಕದಲ್ಲಿ ಬರೆಸಬೇಕು. ಸಂಹಿತೆಯ ಉಲ್ಲಂಘನೆಗೆ 2 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಕೆಲವು ದೊಡ್ಡ ಕಾರ್ಖಾನೆಗಳಲ್ಲಾದರೂ ಇಲಾಖೆ ಪತ್ರಗಳ ತಪಾಸಣೆ ನಡೆಸಿ, ಅದರ ಫಲಿತಾಂಶವನ್ನು ಜಿಲ್ಲಾವಾರು ಪ್ರಕಟಿಸಲಿ.

ಎರಡನೆಯ ಮನವಿ ನ್ಯಾಯ ಸಿಗುವ ಜಾಗದ್ದು. ಗಣಿಗಳ ವಿಷಯದಲ್ಲಿ ಅಧಿಕಾರ ಕೇಂದ್ರ ಸರ್ಕಾರದ್ದು. ಹಾಗಾಗಿ ದೋಣಿಮಲೈ ಸುತ್ತಿನ ಗಣಿಯವನಾಗಲೀ, ಹಟ್ಟಿ ಚಿನ್ನದ ಗಣಿಯವನಾಗಲೀ ಸಂಧಾನ ವಿಫಲವಾದರೆ ಹೋಗಬೇಕಾದದ್ದು ಬೆಂಗಳೂರಿನ ಕೇಂದ್ರೀಯ ಕೈಗಾರಿಕಾ ನ್ಯಾಯಮಂಡಳಿಗೆ. ಹಟ್ಟಿಯಿಂದ ಹೋಗುವವನಿಗೆ ಒಂದು ರಾತ್ರಿ ಬಸ್ಸು, ಒಂದು ಹಗಲು ಕೋರ್ಟು, ಮತ್ತೊಂದು ರಾತ್ರಿ ಬಸ್ಸು. ವಿಚಾರಣೆ ಮುಂದೂಡಿದರೆ ಅಷ್ಟೂ ದಿನದ ಕೂಲಿ ಹೋಯಿತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಒಬ್ಬ ನ್ಯಾಯಾಂಗ ಸದಸ್ಯ, ಒಬ್ಬ ಆಡಳಿತ ಸದಸ್ಯ ಇರುವ ನ್ಯಾಯಮಂಡಳಿಗಳು ರಚನೆಯಾಗಬೇಕಿದೆ. ಅಲ್ಲಿಯವರೆಗೆ ಹಳೆಯ ಕಾರ್ಮಿಕ ನ್ಯಾಯಾಲಯಗಳೇ ಮುಂದುವರಿಯಬೇಕೆಂದು ಕೇಂದ್ರ 2025ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಹೊಸದನ್ನು ರಚಿಸುವಾಗ ಕೇಂದ್ರ ಮತ್ತು ರಾಜ್ಯ ಎರಡೂ ಕಡೆಯ ನ್ಯಾಯಮಂಡಳಿಗಳು ತಿಂಗಳಲ್ಲಿ ಕೆಲವು ದಿನ ಬಳ್ಳಾರಿಯಲ್ಲಿ, ಕೆಲವು ದಿನ ರಾಯಚೂರಿನಲ್ಲಿ ಕಲಾಪ ನಡೆಸುವಂತೆ ಮಾಡಬೇಕು. ಹೈಕೋರ್ಟಿನ ಪೀಠಗಳು ಧಾರವಾಡಕ್ಕೂ ಕಲಬುರಗಿಗೂ ಬಂದ ಮೇಲೆ ಈ ಭಾಗದ ಜನರಿಗೆ ಎಷ್ಟು ಅನುಕೂಲವಾಯಿತೆಂಬುದು ಎಲ್ಲರ ಕಣ್ಣ ಮುಂದಿದೆ.

ಈ ಪತ್ರವನ್ನು ಓದುವ ಕಾರ್ಮಿಕ ಬಂಧುಗಳಿಗೂ ಅವರ ಮನೆಯವರಿಗೂ ಒಂದೆರಡು ವಿಷಯ ತಿಳಿಸಬೇಕಾಗಿದೆ. ಅವಧಿ ಮುಗಿದ ಗೇಟ್ ಪಾಸನ್ನು ಹಿಂದಿರುಗಿಸುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಪಿಎಫ್ ಪಾಸ್‌ಬುಕ್ಕನ್ನು ಆಗಾಗ ತೆಗೆಸಿ, ಕೆಲಸ ಬಿಡದೆಯೇ ‘ಬಿಟ್ಟ ದಿನಾಂಕ’ ಬಿದ್ದಿದೆಯೇ ಎಂದು ನೋಡಿ. ಖಾಲಿ ಹಾಳೆಗೆ, ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಬೇಡಿ. ನೇಮಕಾತಿ ಪತ್ರ ಕೊಡಿ ಎಂದು ಗುತ್ತಿಗೆದಾರನಿಗೂ ಕಾರ್ಖಾನೆಗೂ ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ. ಒಬ್ಬರೇ ಬರೆಯಲು ಹೆದರಿಕೆಯಾದರೆ ಸಂಘದ ಮೂಲಕ ಬರೆಸಿ. ಕೆಲಸದಿಂದ ತೆಗೆದರೆ ‘ಮತ್ತೆ ಕರೆಯುತ್ತೇವೆ’ ಎಂಬ ಮಾತು ನಂಬಿ ಕಾಯಬೇಡಿ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಮೊದಲು ಮೂರು ವರ್ಷ ಇದ್ದ ಕಾಲಮಿತಿ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ ವಿಫಲವಾದ ವರದಿ ಕೈಗೆ ಬಂದ 90 ದಿನಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಮಿಕ ಪ್ರಕರಣಗಳ ವಕೀಲ,
ಬಳ್ಳಾರಿ